ಹಲರು ಆಳಿದ ನಾಡು

ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ಹೆಸರುಗಳನ್ನು ಒಟ್ಟಿಗೆ ಹೇಳಿದರೆ ಇಂದಿನ ಕೇಳುಗರಿಗೆ ಉಡುಪಿ ಜಿಲ್ಲೆಯ ಮೂರು ತಾಲೂಕುಗಳು ನೆನಪಾಗುತ್ತವೆ. ನನ್ನ ವಯಸ್ಸಿನವರಿಗೆ ಹಾಗಲ್ಲ. ನಾವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಕುಂದಾಪುರವೊಂದೇ ತಾಲೂಕು. ಬೈಂದೂರು ಅದರ ಬಡಗಣ ತುದಿಯ ಊರು. ಬ್ರಹ್ಮಾವರವೋ ಉಡುಪಿ ತಾಲೂಕಿಗೆ ಸೇರಿದ ಒಂದು ಪೇಟೆ. ಎಲ್ಲವೂ ದಕ್ಷಿಣ ಕನ್ನಡ ಜಿಲ್ಲೆಯ ಒಳಗೆ. 1997ರ ಆಗಸ್ಟ್ 25ರಂದು ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರಗಳು ತಾಲೂಕುಗಳಾದುವು. ಹೊಸ ಕಚೇರಿ, ಹೊಸ ಫಲಕ, ಹೊಸ ಮೊಹರುಗಳು ಬಂದುವು. ಇದು ಸಂತೋಷದ ಸಂಗತಿಯೇ. ಒಂದು ಪಹಣಿಪತ್ರಕ್ಕಾಗಿ ದಿನವೊಂದನ್ನು ಬಸ್ಸಿನಲ್ಲಿ ಕಳೆಯಬೇಕಾಗಿದ್ದ ರೈತನಿಗೆ ಅದರ ಬೆಲೆ ಗೊತ್ತು.

ಆದರೆ ಈ ನೆಲದ ಗಡಿಗಳನ್ನು ಹೀಗೆ ಅಳಿಸಿ ಬರೆಯುವುದು ಇದೇ ಮೊದಲಲ್ಲ. ಆಳುಪರು, ಹೊಯ್ಸಳರು, ವಿಜಯನಗರದವರು, ಕೆಳದಿಯ ನಾಯಕರು, ಹೈದರ್ ಮತ್ತು ಟಿಪ್ಪು, ಕಡೆಗೆ ಇಂಗ್ಲಿಷರು, ಎಲ್ಲರೂ ತಮಗೆ ಬೇಕಾದಂತೆ ಗೆರೆ ಎಳೆದವರೇ. ರಾಜಧಾನಿಗಳು ಬದಲಾದರೂ ಊರಿನ ಕೆಲಸ ಮಾತ್ರ ನಿಲ್ಲಲಿಲ್ಲ. ಕೆರೆಯ ಹೂಳು ತೆಗೆಯಬೇಕು, ದೇವಸ್ಥಾನದ ನಂದಾದೀಪ ಉರಿಯಬೇಕು, ಬಂದ ಪಥಿಕನಿಗೆ ಊಟ ಸಿಗಬೇಕು, ಗದ್ದೆಯ ಅಂಚಿನ ಜಗಳ ತೀರಬೇಕು. ಇವನ್ನೆಲ್ಲ ಮಾಡುತ್ತಿದ್ದವರು ಯಾರು? ಅವರನ್ನು ನಮ್ಮ ಕರಾವಳಿಯ ಶಾಸನಗಳು ಒಂದು ಸರಳವಾದ ಹೆಸರಿನಿಂದ ಕರೆಯುತ್ತವೆ: ಹಲರು. ಈ ದಿನ ನಾನು ಆ ಹಲರನ್ನು ಕುರಿತು, ಅವರು ನಮಗೆ ಬಿಟ್ಟುಹೋದ ಕಲ್ಲುಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

'ಹಲರು' ಎಂದರೆ ಹಲವರು, ಅನೇಕರು. ಕನ್ನಡ ಬಲ್ಲ ಯಾರಿಗೂ ಇದರ ಅರ್ಥ ಹೇಳಬೇಕಾದುದಿಲ್ಲ. ಆದರೆ ಶಾಸನಗಳಲ್ಲಿ ಅದು ಬರಿಯ ಬಹುವಚನವಲ್ಲ, ಒಂದು ಸಂಸ್ಥೆಯ ಹೆಸರು. ಸೀತಾನದಿಯ ದಡದ ಬಾರಕೂರು ಈಗ ಬ್ರಹ್ಮಾವರ ತಾಲೂಕಿನ ಒಂದು ಶಾಂತವಾದ ಹಳ್ಳಿ. ಒಂದು ಕಾಲಕ್ಕೆ ಅದು ಆಳುಪರ ರಾಜಧಾನಿ. ಆಮೇಲೆ ವಿಜಯನಗರದ ಅರಸರ ಕೆಳಗೆ ಬಾರಕೂರು ರಾಜ್ಯದ ಕೇಂದ್ರ. ಕರಾವಳಿಯಲ್ಲಿ ವಿಜಯನಗರಕ್ಕೆ ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂಬ ಎರಡು ಆಡಳಿತ ವಿಭಾಗಗಳಿದ್ದುವು. ಬಾರಕೂರಿನ ಹೆಸರಿನಲ್ಲಿ ಗದ್ಯಾಣವೇ ಚಲಾವಣೆಯಲ್ಲಿತ್ತು. 1342ರ ಸುಮಾರಿಗೆ ಈ ತೀರದಲ್ಲಿ ಬಂದಿಳಿದ ಪ್ರವಾಸಿ ಇಬ್ನ್ ಬತೂತ ಈ ಊರನ್ನು 'ಫಾಕನೂರ್' ಎಂದು ಕರೆದು, ಇಲ್ಲಿಯ ಕಬ್ಬನ್ನು ಬಾಯ್ತುಂಬ ಹೊಗಳಿದ್ದಾನೆ. (ಅದೇ ಬ್ರಹ್ಮಾವರದಲ್ಲಿ ನಮ್ಮ ಕಾಲದಲ್ಲಿ ಕಟ್ಟಿದ ಸಹಕಾರಿ ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಡೆದು ನಿಂತುಹೋಯಿತೆಂಬುದನ್ನು ನೆನೆದರೆ ಇತಿಹಾಸಕ್ಕೂ ವಿನೋದಪ್ರವೃತ್ತಿ ಇದೆಯೆನ್ನಬೇಕು.)

ಆ ಪಟ್ಟಣ ಕೇರಿಗಳಾಗಿ ಹಂಚಿಕೊಂಡಿತ್ತು. ಶಾಸನಗಳಲ್ಲಿ ಬಾರಕೂರಿನ ಹತ್ತು ಕೇರಿಗಳ ಮಾತು ಬರುತ್ತದೆ. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂಬ ಹೆಸರುಗಳು ಇಂದಿಗೂ ಅಲ್ಲಿಯ ಜನರ ನಾಲಗೆಯ ಮೇಲಿವೆ. ಒಂದೊಂದು ಕೇರಿಗೂ ಅದರದೇ ಆದ ಹಲರು. ಕೆಲವು ಕಡೆ ಗ್ರಾಮದ ಸಭೆಗೆ 'ಜಗತ್ತು' ಎಂಬ ಹೆಸರೂ ಉಂಟು. ಈ ಮಾತನ್ನು ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ನಾಲ್ಕು ಗದ್ದೆ, ಒಂದು ಗುಡಿ, ಒಂದು ಕೆರೆ. ಅದನ್ನು ಜಗತ್ತೆಂದು ಕರೆಯುವುದೆ? ಈಗ ವಯಸ್ಸಾದ ಮೇಲೆ ಅನ್ನಿಸುತ್ತದೆ, ಅದಕ್ಕಿಂತ ಸರಿಯಾದ ಹೆಸರು ಬೇರೆ ಇರಲಾರದು. ಮನುಷ್ಯ ನಿಜವಾಗಿ ಬದುಕುವ ಜಗತ್ತಿನ ಅಳತೆ ಅಷ್ಟೇ ಅಲ್ಲವೆ?

ಇನ್ನು ಈ ಹಲರು ಮಾಡುತ್ತಿದ್ದುದೇನು? ಕರಾವಳಿಯ ಒಂದು ಸಾಮಾನ್ಯ ದಾನಶಾಸನವನ್ನು ಕಣ್ಣೆದುರಿಗೆ ತಂದುಕೊಳ್ಳಿ. ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರರು, ನಡುವೆ ಲಿಂಗ ಅಥವಾ ಜಿನಬಿಂಬ. ಕೆಳಗೆ ಶಕವರ್ಷ, ಸಂವತ್ಸರ, ತಿಥಿ, ವಾರ. ಅನಂತರ ವಿಜಯನಗರದಲ್ಲಿ ಆಳುವ ರಾಯನ ಹೆಸರು. ಆತನ ನಿರೂಪದಿಂದ ಬಾರಕೂರು ರಾಜ್ಯವನ್ನು ಪಾಲಿಸುವ ಒಡೆಯನ ಹೆಸರು. ಇಷ್ಟು ಮೇಲಿನವರ ಪಾಲು. ಇಲ್ಲಿಂದ ಮುಂದೆ ಶಾಸನ ನೆಲಕ್ಕೆ ಇಳಿಯುತ್ತದೆ. ಯಾವ ಗದ್ದೆ, ಅದರ ಮೂಡಣ ಗಡಿ ಯಾವುದು, ತೆಂಕಣ ಗಡಿ ಯಾವುದು, ಎಷ್ಟು ಮುಡಿ ಬೀಜ ಬಿತ್ತುವ ಭೂಮಿ, ವರ್ಷಕ್ಕೆ ಎಷ್ಟು ಅಕ್ಕಿ, ಅದರಲ್ಲಿ ದೇವರ ನೈವೇದ್ಯಕ್ಕೆಷ್ಟು, ಎಣ್ಣೆಗೆಷ್ಟು, ಛತ್ರದ ಊಟಕ್ಕೆಷ್ಟು ಎಂಬ ಲೆಕ್ಕ ಬರುತ್ತದೆ. ಕೊನೆಗೆ ಈ ಧರ್ಮವನ್ನು ತಪ್ಪದೆ ನಡೆಸುವ ಹೊಣೆ ಯಾರದು ಎಂಬ ಪ್ರಶ್ನೆ ಬಂದಾಗ, ರಾಯನ ಹೆಸರಾಗಲಿ ಒಡೆಯನ ಹೆಸರಾಗಲಿ ಅಲ್ಲಿ ಕಾಣುವುದಿಲ್ಲ. ಆ ಕೇರಿಯ ಹಲರು, ಆ ಗ್ರಾಮದವರು ನಡೆಸತಕ್ಕದ್ದು. ಅವರೇ ಸಾಕ್ಷಿಗಳು, ಅವರೇ ಧರ್ಮದರ್ಶಿಗಳು, ಅವರೇ ಲೆಕ್ಕಿಗರು.

ಹೀಗೆ ನೋಡಿದರೆ ನಾವು 'ಪ್ರಾಚೀನ ಅವಶೇಷ' ಎಂದು ಕರೆಯುವ ಈ ಕಲ್ಲುಗಳು ವಾಸ್ತವವಾಗಿ ಸ್ಥಳೀಯ ಸರಕಾರದ ನಡವಳಿ ಪುಸ್ತಕಗಳು. ಇಂದಿನ ಗ್ರಾಮ ಪಂಚಾಯತಿಯ ಠರಾವು ಪುಸ್ತಕಕ್ಕೂ ಅವಕ್ಕೂ ಉದ್ದೇಶದಲ್ಲಿ ಭೇದವಿಲ್ಲ. ಅಂದಿನ ಕಾರ್ಯದರ್ಶಿ ಉಳಿಯಿಂದ ಬರೆದ, ಇಂದಿನವರು ಗಣಕಯಂತ್ರದಲ್ಲಿ ಬರೆಯುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಪರಂಪರೆ ಬೇರೆ, ಆಡಳಿತ ಬೇರೆ ಎಂದು ನಾವು ವಿಂಗಡಿಸಿದ್ದೇವೆ. ಒಂದನ್ನು ಪುರಾತತ್ತ್ವ ಇಲಾಖೆಗೂ ಇನ್ನೊಂದನ್ನು ಪಂಚಾಯತಿಗೂ ಒಪ್ಪಿಸಿದ್ದೇವೆ. ಕಲ್ಲು ಕೊರೆಸಿದವರಿಗೆ ಈ ವಿಂಗಡಣೆ ತಿಳಿಯದು.

ಬಾರಕೂರಿನಿಂದ ಬಡಗಕ್ಕೆ ಹೋದರೆ ಕುಂದಾಪುರ ತಾಲೂಕಿನ ಬಸರೂರು. ವಾರಾಹಿ ನದಿ ಅದರ ಬದಿಯಲ್ಲಿ ಹರಿದು ಗಂಗೊಳ್ಳಿಯ ಅಳಿವೆಯನ್ನು ಸೇರುತ್ತದೆ. ಅಲ್ಲಿಯೂ ಕೇರಿಗಳು, ಅಲ್ಲಿಯೂ ಹಲರು. ಜತೆಗೆ ಸೆಟ್ಟಿಕಾರರು, ನಖರ, ಹಂಜಮಾನ. ಹಂಜಮಾನವೆಂದರೆ ಕಡಲಾಚೆಯಿಂದ ಬಂದು ನೆಲೆಸಿದ ವರ್ತಕರ ಕೂಟ. 'ಅಂಜುಮನ್' ಎಂಬ ಮಾತು ಕನ್ನಡದ ಬಾಯಲ್ಲಿ ಪಡೆದ ರೂಪ. ಊರಿನ ಧರ್ಮಕಾರ್ಯಕ್ಕೆ ಸಾಕ್ಷಿಯಾಗಿ ನಿಲ್ಲುವವರ ಸಾಲಿನಲ್ಲಿ ಅವರಿಗೂ ಸ್ಥಾನವಿತ್ತೆಂಬುದನ್ನು ನಾವು ಮರೆಯಬಾರದು. ಪೋರ್ಚುಗೀಸರು 'ಬಾರ್ಸೆಲೋರ್' ಎಂದು ಬರೆದದ್ದು ಈ ಊರನ್ನೇ. ಇಲ್ಲಿಯ ಅಕ್ಕಿ ಅವರಿಗೆ ಅನಿವಾರ್ಯವಾಗಿತ್ತು. 1569ರಲ್ಲಿ ಅವರು ನದಿಯ ದಡದಲ್ಲಿ ಕೋಟೆಯನ್ನು ಹಿಡಿದು ನೆಲೆಯೂರಿದರು. ಆದರೆ ಅವರ ದಾಖಲೆಗಳಲ್ಲಿಯೇ ಮೇಲಣ ಬಸರೂರು ಬೇರೆಯಾಗಿ ಕಾಣುತ್ತದೆ. ಅದು ಅಲ್ಲಿಯ ಸೆಟ್ಟಿಗಳು ತಾವೇ ಕೂಡಿ ನಡೆಸುತ್ತಿದ್ದ ಪಟ್ಟಣ. ಮೇಲಿನ ಅರಸನಿಗೆ ಕಪ್ಪ ಕೊಟ್ಟರೆ ಮುಗಿಯಿತು, ಒಳಗಿನ ವ್ಯವಹಾರ ಅವರದೇ. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಸೂರೆಮಾಡಬೇಕೆನ್ನಿಸುವಷ್ಟು ಸಂಪತ್ತು ಆ ಊರಿನಲ್ಲಿತ್ತು. ಇಂದು ಬಸರೂರಿಗೆ ಹೋದವರು ಆಲದ ಬೇರುಗಳ ನಡುವೆ ನಿಂತ ತುಳುವೇಶ್ವರನ ಪಾಳುಗುಡಿಯನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ಆ ಊರು ತನ್ನನ್ನು ತಾನೇ ಆಳಿಕೊಂಡಿತ್ತೆಂಬ ಸಂಗತಿ ಅವರಿಗೆ ಯಾರೂ ಹೇಳುವುದಿಲ್ಲ.

ಹಲರ ಭಾಷೆಯಾದರೂ ಪೂರ್ತಿ ಹೋಗಿಲ್ಲ. ಶಾಸನದ ಮೂಡು, ಪಡು, ತೆಂಕು, ಬಡಗು ಎಂಬ ದಿಕ್ಕುಗಳು ಒಳನಾಡಿನ ಕನ್ನಡದಲ್ಲಿ ಮರೆಯಾಗಿ, ಪೂರ್ವ ಪಶ್ಚಿಮಗಳು ಬಂದು ಕೂತಿವೆ. ನಮ್ಮಲ್ಲಿ ಹಾಗಲ್ಲ. ಪಡುಕೋಣೆ, ಪಡುವರಿ, ಬಡಾನಿಡಿಯೂರು, ತೆಂಕನಿಡಿಯೂರು ಎಂದು ಊರುಗಳ ಹೆಸರಿನಲ್ಲಿಯೇ ದಿಕ್ಕು ನಿಂತಿದೆ. ಯಕ್ಷಗಾನಕ್ಕೂ ನಾವು ಬಡಗುತಿಟ್ಟು, ತೆಂಕುತಿಟ್ಟು ಎಂದೇ ಹೇಳುತ್ತೇವೆ. ಐದಾರು ನೂರು ವರ್ಷಗಳ ಹಿಂದೆ ಗದ್ದೆಯ ಗಡಿ ಗುರುತಿಸಿದ ಮಾತಿನಿಂದಲೇ ನಾವಿಂದು ಆಟ ನೋಡಲು ಹೋಗುತ್ತಿದ್ದೇವೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳದಿದ್ದರೆ ನಾನು ಇತಿಹಾಸಕ್ಕೆ ದ್ರೋಹ ಮಾಡಿದಂತೆ. ಹಿಂದಿನ ಗ್ರಾಮಸಭೆಗಳನ್ನು ಹೊಗಳುವ ಭರದಲ್ಲಿ ನಮ್ಮ ವಿದ್ವಾಂಸರು ಅವನ್ನು ಪ್ರಜಾಪ್ರಭುತ್ವದ ತೊಟ್ಟಿಲುಗಳೆಂದು ಕರೆದುದುಂಟು. ನಾನೂ ತರಗತಿಯಲ್ಲಿ ಹಾಗೆ ಪಾಠ ಹೇಳಿದ್ದೇನೆ. ಆದರೆ ಹಲರು ಎಂದರೆ ಎಲ್ಲರೂ ಅಲ್ಲ. ಭೂಮಿಯಿದ್ದವರು, ವ್ಯಾಪಾರವಿದ್ದವರು, ಹುಟ್ಟಿನ ಬಲವಿದ್ದವರು ಮಾತ್ರ ಹಲರು. ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ ಬಾರಕೂರಿನ ಗದ್ದುಗೆಯ ಮೇಲೆ ಚಿಕ್ಕಾಯಿ ತಾಯಿ ಎಂಬ ರಾಣಿಯಿದ್ದಳು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿದುಬರುವ ಅಳಿಯ ಸಂತಾನದ ನಾಡು ಇದು. ಹಾಗಿದ್ದರೂ ನಾನು ಓದಿದ ಶಾಸನಗಳ ಹಲರ ಸಾಲಿನಲ್ಲಿ ಹೆಣ್ಣಿನ ಹೆಸರು ನನಗೆ ಕಂಡಿಲ್ಲ. ಗದ್ದೆಯನ್ನು ಉತ್ತವರ, ಕೆರೆಯ ಮಣ್ಣು ಹೊತ್ತವರ ಹೆಸರಂತೂ ದೂರವೇ ಉಳಿಯಿತು. 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಈ ಜಿಲ್ಲೆಯಲ್ಲಿ ಭೂಮಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ಜೀತದಾಳುಗಳನ್ನು ಕಂಡು ಬರೆದಿಟ್ಟಿದ್ದಾನೆ. ಮಾರಿದ ಗದ್ದೆಯೊಡನೆ ಕೈಬದಲಾಗುತ್ತಿದ್ದ ಮನುಷ್ಯನಿಗೆ 'ಜಗತ್ತು' ಎಂಬ ಸಭೆಯಲ್ಲಿ ಜಾಗವಿರಲಿಲ್ಲ.

1799ರಲ್ಲಿ ಟಿಪ್ಪುವಿನ ಪತನದ ಅನಂತರ ಕನ್ನಡ ಜಿಲ್ಲೆಗೆ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋ ಹಳೆಯ ಕಡತಗಳನ್ನು ತರಿಸಿ ನೋಡಿದವನು. ಇಲ್ಲಿಯ ಭೂಮಿ ಬಹು ಹಿಂದಿನಿಂದಲೂ ಖಾಸಗಿ ಸ್ವತ್ತು, ಅರಸನದಲ್ಲ ಎಂಬ ತೀರ್ಮಾನಕ್ಕೆ ಆತ ಬಂದ. ಆ ತೀರ್ಮಾನದ ಹಿಂದೆ ವಿಜಯನಗರದ, ಕೆಳದಿಯ ಕಾಲದ ಲೆಕ್ಕಗಳಿದ್ದುವು. ಊರವರು ಬರೆದಿಟ್ಟುದನ್ನು ಆಳುವವನು ಓದಿದರೆ ಆಗುವ ಪ್ರಯೋಜನಕ್ಕೆ ಇದೊಂದು ನಿದರ್ಶನ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು. ಕುಂದಾಪುರ ತಾಲೂಕು ಮದರಾಸಿನಲ್ಲಿಯೇ ಉಳಿಯಿತು. ಬೈಂದೂರಿನ ಬಡಗಣ ಗಡಿ ಎರಡು ಪ್ರಾಂತಗಳ ಗಡಿಯಾಗಿ 1956ರವರೆಗೆ ನಡೆಯಿತು.

ಇಂಗ್ಲಿಷರ ಕಾಲದಲ್ಲಿ ಹಲರ ಜಾಗದಲ್ಲಿ ಬಂದು ಕುಳಿತವನು ಒಬ್ಬನೇ ಒಬ್ಬ, ಪಟೇಲ. 1816ರ ಮದರಾಸಿನ ಕಾಯಿದೆಯಿಂದ ಗ್ರಾಮದ ಮುಖ್ಯಸ್ಥನಿಗೆ ಸಣ್ಣಪುಟ್ಟ ವ್ಯಾಜ್ಯ ತೀರಿಸುವ ಅಧಿಕಾರವೂ ದೊರೆಯಿತು. ಪಟೇಲರ ಮನೆಯ ಚಾವಡಿಯೇ ಸರಕಾರ; ಶ್ಯಾನುಭೋಗರ ಕಡತವೇ ವೇದ; ಉಗ್ರಾಣಿ ಬಂದು ಅಂಗಳದಲ್ಲಿ ನಿಂತರೆ ಮನೆಯವರ ಎದೆ ಡವಗುಟ್ಟುತ್ತಿತ್ತೆಂದು ನನ್ನ ಅಜ್ಜಿ ಹೇಳುತ್ತಿದ್ದರು. 1884ರ ಕಾಯಿದೆ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳನ್ನು ತಂದಿತು. 1920ರ ಕಾಯಿದೆಗಳು ಚುನಾವಣೆಯನ್ನು ತಕ್ಕಮಟ್ಟಿಗೆ ವಿಸ್ತರಿಸಿದುವು. ಮತವಿದ್ದುದು ತೆರಿಗೆ ಕೊಡುವವರಿಗೆ. ಈ ಬೋರ್ಡುಗಳು ರಸ್ತೆ, ಶಾಲೆ, ದವಾಖಾನೆಗಳಿಗಾಗಿ ದುಡಿದುದನ್ನು ಅಲ್ಲಗಳೆಯಬಾರದು. ಆದರೆ ತಾಲೂಕು ಬೋರ್ಡುಗಳು 1934ರಲ್ಲಿ ರದ್ದಾದುವು. ಕೊಡುವುದೂ ಕಸಿದುಕೊಳ್ಳುವುದೂ ಮೇಲಿನವರ ಕೈಯಲ್ಲಿಯೇ ಇತ್ತು.

ಸ್ವಾತಂತ್ರ್ಯದ ಅನಂತರ 1950ರ ಮದರಾಸು ಪಂಚಾಯತಿ ಕಾಯಿದೆ, ಏಕೀಕರಣವಾದ ಮೇಲೆ 1959ರ ಮೈಸೂರು ಕಾಯಿದೆ ಒಂದರ ಹಿಂದೊಂದು ಬಂದುವು. ಆದರೆ ನಿಜವಾದ ತಿರುವು ಬಂದುದು 1983ರ ಕಾಯಿದೆಯಿಂದ. ಅದರ ಹಿಂದೆ ನಜೀರ್ ಸಾಬರ ಶ್ರದ್ಧೆಯಿತ್ತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ನಾಲ್ಕರಲ್ಲೊಂದು ಸ್ಥಾನ ಮಹಿಳೆಯರಿಗೆ ಮೀಸಲು. ಆಗ ನಾನು ಎಳೆಯ ಅಧ್ಯಾಪಕ. ಒಂದು ಹಳ್ಳಿಯ ಶಾಲೆಯಲ್ಲಿ ಮತಗಟ್ಟೆಯ ಕೆಲಸಕ್ಕೆ ನನ್ನನ್ನು ಹಾಕಿದ್ದರು. ಬೆಳಗಾಗುವ ಮೊದಲೇ ಗೇಣಿ ಮಾಡಿ ಬದುಕಿದವರು, ಕೂಲಿಯವರು, ಅವರ ಹೆಂಗಸರು ತಲೆಗೆ ಎಣ್ಣೆ ಹಾಕಿ ಬಾಚಿ, ಒಗೆದ ಸೀರೆಯುಟ್ಟು ಸಾಲಿನಲ್ಲಿ ನಿಂತಿದ್ದರು. ಅವರಲ್ಲಿ ಕೆಲವರು ಆ ಸಲ ಅಭ್ಯರ್ಥಿಗಳೂ ಆಗಿದ್ದರು. ಆ ದಿನ ನನಗೆ ಬಾರಕೂರಿನ ಕಲ್ಲುಗಳು ನೆನಪಾದುವು. ಹಲರು ಎಂಬ ಮಾತು ಕೊರೆದು ಐದಾರು ನೂರು ವರ್ಷಗಳಾದ ಮೇಲೆ ತನ್ನ ಅರ್ಥದ ಕಡೆಗೆ ಹೆಜ್ಜೆಯಿಟ್ಟಿತ್ತು. ಸಂವಿಧಾನದ 73ನೆಯ ತಿದ್ದುಪಡಿಯೂ 1993ರ ಪಂಚಾಯತ್ ರಾಜ್ ಕಾಯಿದೆಯೂ ಅದನ್ನು ಗಟ್ಟಿಮಾಡಿದುವು. ಮಹಿಳೆಯರ ಪಾಲು ಮೊದಲು ಮೂರರಲ್ಲೊಂದಾಗಿ, ಅನಂತರ ಅರ್ಧವಾಯಿತು.

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಆ ಚುನಾವಣೆಗೆ ಒಂದು ವರ್ಷ ಮೊದಲು, ಬ್ರಹ್ಮಾವರದ ಒಳನಾಡಿನ ಒಂದು ಗ್ರಾಮದಲ್ಲಿ ಅಕ್ಷರವಿರುವ ಕಲ್ಲಿದೆಯೆಂದು ನನ್ನ ವಿದ್ಯಾರ್ಥಿಯೊಬ್ಬ ತಿಳಿಸಿದ. ಊರಿನ ಹೆಸರು ಬೇಡ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಾದೂರು ಗುರುರಾಜ ಭಟ್ಟರು ತುಳುನಾಡಿನ ಊರೂರು ಅಲೆದು, ತಮ್ಮ ಶೋಧನೆಯನ್ನೆಲ್ಲ 1975ರಲ್ಲಿ ಬೃಹದ್ಗ್ರಂಥವಾಗಿ ಪ್ರಕಟಿಸಿದ್ದರು. ಅದನ್ನೋದಿದ ಹುರುಪು ನಮಗೆಲ್ಲ. ನಾನು ಬಸ್ಸಿಳಿದು ಗದ್ದೆಯ ಅಂಚಿನಲ್ಲಿ ನಡೆದು ಹೋದೆ. ಒಂದು ಮನೆಯ ಅಂಗಳದಲ್ಲಿ ಅಜ್ಜಿಯೊಬ್ಬರು ತೆಂಗಿನ ಹೆಡೆ ಸೀಳುತ್ತಿದ್ದರು. ಕಲ್ಲಿನ ವಿಚಾರ ಕೇಳಿದೆ. "ಕಲ್ಲ್ ಅಲ್ಲೇ ಇತ್ತ್, ಮಾಷ್ಟ್ರೆ" ಎಂದರು. ಘಟ್ಟದ ಮೇಲಿನ ಕೇಳುಗರು ಇದನ್ನು ಕೇಳಿ ಕಲ್ಲು ಹೋಯಿತೆಂದು ತಿಳಿದಾರು. ಕುಂದಾಪುರದ ಕನ್ನಡದಲ್ಲಿ 'ಇತ್ತ್' ಎಂದರೆ ಇದೆ ಎಂದೇ ಅರ್ಥ. ಕಲ್ಲು ಕೆರೆಯ ದಂಡೆಯಲ್ಲಿತ್ತು. ಅರ್ಧ ಹೂತಿತ್ತು. ಮೇಲ್ಭಾಗದಲ್ಲಿ ಬಟ್ಟೆ ಒಗೆದು ಒಗೆದು ಕೆಲವು ಅಕ್ಷರಗಳು ಸವೆದಿದ್ದುವು. ಮಧ್ಯಾಹ್ನದವರೆಗೆ ಕುಳಿತು ಓದಬಲ್ಲಷ್ಟನ್ನು ನೋಟುಪುಸ್ತಕಕ್ಕೆ ಇಳಿಸಿಕೊಂಡೆ. ಭೂಮಿಯ ಗಡಿ, ಅಕ್ಕಿಯ ಲೆಕ್ಕ ಮುಗಿದು, ಈ ಧರ್ಮವನ್ನು ಆ ಗ್ರಾಮದ ಹಲರು ಎಂಬಲ್ಲಿಗೆ ಬಂದಿತ್ತು. ಮುಂದಿನ ಸಾಲುಗಳು ಮಣ್ಣಿನೊಳಗೆ. ಅಗೆಯಲು ಹಾರೆಯಿರಲಿಲ್ಲ, ಮಳೆಯ ಮೋಡವೂ ಕವಿದಿತ್ತು. ಬೇಸಗೆಯಲ್ಲಿ ಬಂದು ಮುಗಿಸಿದರಾಯಿತೆಂದು ಹೊರಟೆ.

ಆ ಬೇಸಗೆ ಬರಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಮದುವೆ, ಮನೆಕಟ್ಟುವುದು ಎಂದು ನೆವಗಳಿಗೆ ಕೊರತೆಯೆ? ಇಲಾಖೆಗೆ ಒಂದು ಕಾಗದ ಬರೆಯಬಹುದಿತ್ತು, ಬರೆಯಲಿಲ್ಲ. ನಿವೃತ್ತನಾದ ಮೇಲೆ ಹಳೆಯ ಪುಸ್ತಕಗಳನ್ನು ಜೋಡಿಸುವಾಗ ಆ ನೋಟುಪುಸ್ತಕ ಕೈಗೆ ಬಂತು. ಮರುದಿನವೇ ಹೋದೆ. ಕೆರೆಯ ಒಂದು ಮಗ್ಗುಲನ್ನು ಮುಚ್ಚಿ ರಸ್ತೆ ಅಗಲ ಮಾಡಿದ್ದರು. ಕಲ್ಲು ಮೋರಿಯ ಅಡಿಪಾಯಕ್ಕೆ ಹೋಯಿತೆಂದು ಒಬ್ಬರು, ತುಂಡಾಗಿತ್ತು ಎಂದು ಇನ್ನೊಬ್ಬರು ಹೇಳಿದರು. ಯಾರನ್ನು ದೂರಲಿ? ರಸ್ತೆ ಬೇಡವೆನ್ನುವವನು ನಾನಲ್ಲ. ಕೆಲಸದವರಿಗೆ ಅದು ಗಟ್ಟಿಯಾದ ಒಂದು ಕಲ್ಲು, ಅಷ್ಟೆ. ಅದು ಏನೆಂದು ಬಲ್ಲವನು ಇಡೀ ಲೋಕದಲ್ಲಿ ಒಬ್ಬನೇ ಇದ್ದ. ಅವನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯಿಮುಚ್ಚಿಕೊಂಡಿದ್ದ. ಹಲರು ಏನು ಮಾಡತಕ್ಕದ್ದೆಂದು ಆ ಕಲ್ಲು ಹೇಳಿತ್ತೊ ಅದು ಇನ್ನು ಯಾರಿಗೂ ತಿಳಿಯದು.

ಇಂಗ್ಲೆಂಡಿನ ಹಳ್ಳಿಗಳ ಒಂದು ಪದ್ಧತಿ ಇಲ್ಲಿ ನೆನಪಾಗುತ್ತದೆ. ಅಲ್ಲಿ 1538ರಷ್ಟು ಹಿಂದೆಯೇ ಪ್ರತಿಯೊಂದು ಇಗರ್ಜಿಯ ಗ್ರಾಮವೂ ಹುಟ್ಟು, ಮದುವೆ, ಸಾವುಗಳ ದಾಖಲೆಯನ್ನು ಬರೆದು ಬೀಗವಿರುವ ಪೆಟ್ಟಿಗೆಯಲ್ಲಿ ಇಡಬೇಕೆಂದು ಆಜ್ಞೆಯಾಯಿತು. ಕಾಲಕ್ರಮದಲ್ಲಿ ಆ ಮರದ ಪೆಟ್ಟಿಗೆಯೊಳಗೆ ಬಡವರ ನಿಧಿಯ ಲೆಕ್ಕ, ರಸ್ತೆ ರಿಪೇರಿಯ ಲೆಕ್ಕ ಎಲ್ಲವೂ ಸೇರಿಕೊಂಡುವು. 1894ರಲ್ಲಿ ಚುನಾಯಿತ ಗ್ರಾಮಸಭೆಗಳನ್ನು ಸ್ಥಾಪಿಸಿದ ಕಾಯಿದೆ, ಗ್ರಾಮದ ಹಳೆಯ ಕಾಗದಪತ್ರಗಳು ಯಾರ ಸುಪರ್ದಿನಲ್ಲಿರಬೇಕು ಎಂಬುದನ್ನೂ ಮರೆಯದೆ ಹೇಳಿತು. ಅಧಿಕಾರವನ್ನು ಕೊಡುವಾಗ ನೆನಪನ್ನೂ ಕೈಗೊಪ್ಪಿಸಿದರು. ನಮ್ಮ ಹಲರ ಪೆಟ್ಟಿಗೆಗೆ ಮುಚ್ಚಳವಿಲ್ಲ, ಬೀಗವಿಲ್ಲ; ಅದು ಗದ್ದೆಯ ಅಂಚಿನಲ್ಲಿ ಮಳೆಗೆ ನೆನೆಯುತ್ತ ನಿಂತಿದೆ. ನಮ್ಮ ಕಾಯಿದೆಗಳು ಅಧಿಕಾರ ಕೊಟ್ಟುವು. ಆ ಕಲ್ಲಿನ ಕಡೆಗೆ ಬೆರಳು ತೋರಿಸಲಿಲ್ಲ.

ಊರು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ನಮ್ಮಲ್ಲಿಯೇ ಉದಾಹರಣೆಯುಂಟು. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ್ದು ಕೋಟದಲ್ಲಿ. ಅಲ್ಲಿಯ ಕೋಟತಟ್ಟು ಗ್ರಾಮ ಪಂಚಾಯತಿ ಅವರ ಹೆಸರಿನಲ್ಲಿ ಹುಟ್ಟೂರ ಪ್ರಶಸ್ತಿ ಕೊಡುವುದರಲ್ಲಿ ಮುಂದಾಗಿ ನಿಂತಿತು. ಅಲ್ಲಿಯೇ ಕಾರಂತರ ಸ್ಮಾರಕವಾದ ಉದ್ಯಾನವೊಂದು ತಲೆಯೆತ್ತಿದೆ. ಬೀದಿದೀಪ, ಕುಡಿಯುವ ನೀರು ಎಂದು ಹೊಡೆದಾಡಬೇಕಾದ ಒಂದು ಗ್ರಾಮ ಪಂಚಾಯತಿ ಸಾಹಿತಿಯೊಬ್ಬನ ನೆನಪನ್ನೂ ತನ್ನ ಕೆಲಸವೆಂದುಕೊಂಡಿತಲ್ಲ, ಇದು ಸಣ್ಣ ಮಾತಲ್ಲ. ಇನ್ನೊಂದು ಬಗೆಯ ಉದಾಹರಣೆ ಶಿರಿಯಾರದ ಬಳಿಯ ಮೆಕ್ಕೆಕಟ್ಟು. ನಂದಿಕೇಶ್ವರನ ಆ ಸನ್ನಿಧಿಯ ಮರದ ಭೂತಬಿಂಬಗಳು ಹಳತಾದಾಗ ಹೊಸತು ಮಾಡಿಸುವುದು ವಾಡಿಕೆ. ಹಳೆಯ ಬಿಂಬಗಳಲ್ಲಿ ಕೆಲವು ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿವೆ. ಮರ ಜೀರ್ಣವಾದರೆ ಹೊಸ ಮರ ತಂದು ಕೆತ್ತಬಹುದು, ಏಕೆಂದರೆ ಕೆತ್ತುವ ಕೈ, ನಂಬುವ ಮನಸ್ಸು ಎರಡೂ ಉಳಿದಿವೆ. ಶಾಸನಕ್ಕೆ ಆ ಭಾಗ್ಯವಿಲ್ಲ. ಒಂದು ಅಕ್ಷರ ಹೋದರೆ ಅದನ್ನು ಮತ್ತೆ ಬರೆಯಬಲ್ಲವರು ಸತ್ತು ನೂರಾರು ವರ್ಷಗಳಾದುವು.

ಸಂವಿಧಾನದ ಹನ್ನೊಂದನೆಯ ಅನುಸೂಚಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿಮಾಡಿದೆ. ಗ್ರಂಥಾಲಯವಿದೆ, ಸಾಂಸ್ಕೃತಿಕ ಚಟುವಟಿಕೆಗಳಿವೆ. ಶಾಸನವೆಂಬ ಮಾತಿಲ್ಲ. ಆದರೆ ಕಡೆಯ, ಇಪ್ಪತ್ತೊಂಬತ್ತನೆಯ ವಿಷಯ ಸಮುದಾಯದ ಆಸ್ತಿಗಳ ನಿರ್ವಹಣೆ. ಊರಿನ ಹಲರು ಕೂಡಿ ನಿಲ್ಲಿಸಿದ ಕಲ್ಲಿಗಿಂತ ಹೆಚ್ಚಿನ ಸಮುದಾಯದ ಆಸ್ತಿ ಯಾವುದು? ನಾನು ಕೇಳುವುದು ಹೆಚ್ಚಿನದನ್ನಲ್ಲ. ಈ ಮೂರು ತಾಲೂಕುಗಳ ಪ್ರತಿಯೊಂದು ಗ್ರಾಮ ಪಂಚಾಯತಿಯೂ ತನ್ನ ಎಲ್ಲೆಯೊಳಗಿನ ಬರವಣಿಗೆಯ ಕಲ್ಲು, ವೀರಗಲ್ಲು, ಹಳೆಯ ಕೆರೆಗಳ ಒಂದು ಪಟ್ಟಿಯನ್ನು ಬರೆದು ಗೋಡೆಗೆ ತೂಗಹಾಕಲಿ. ಹಾರೆ ಹಾಕುವ ಮೊದಲು ಆ ಪಟ್ಟಿಯನ್ನು ಒಮ್ಮೆ ನೋಡಲಿ. ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಹೋಗಿ ಕಲ್ಲನ್ನು ತೊಳೆದು ಬರಲಿ. ಮತ್ತು ಗ್ರಾಮಸಭೆಯಲ್ಲಿ ವರ್ಷಕ್ಕೊಂದು ಸಲ ಆ ಕಲ್ಲಿನ ಮಾತನ್ನು ಇಂದಿನ ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ಇದಕ್ಕೆ ಅನುದಾನ ಬೇಕಾಗಿಲ್ಲ.

ಕಲ್ಲು ಕಳೆದುಹೋದ ಊರಿನವರು ಆಮೇಲೆ ಒಂದು ಗ್ರಾಮಸಭೆಗೆ ನನ್ನನ್ನು ಕರೆದರು. ನೋಟುಪುಸ್ತಕದಲ್ಲಿದ್ದುದನ್ನು ಓದಿ ಅರ್ಥ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಸದಸ್ಯೆ ಎದ್ದುನಿಂತರು. ತಲೆಮಾರುಗಳಿಂದ ಬೇರೆಯವರ ಗದ್ದೆಯಲ್ಲಿ ದುಡಿದ ಮನೆತನದ ಹೆಣ್ಣುಮಗಳು. "ಆ ಕಲ್ಲಗೆ ನಮ್ಮೋರ್ ಹೆಸ್ರ್ ಇತ್ತಾ, ಮಾಷ್ಟ್ರೆ?" ಎಂದು ಕೇಳಿದರು. ಸಭೆ ಸ್ತಬ್ಧವಾಯಿತು. ನಾನು ಸುಳ್ಳು ಹೇಳುವಂತಿರಲಿಲ್ಲ. ಇಲ್ಲ ತಾಯಿ, ನಾನು ಓದಿದಷ್ಟರಲ್ಲಿ ಇಲ್ಲ ಎಂದೆ. ಆಕೆ ಒಂದು ಕ್ಷಣ ಯೋಚಿಸಿದರು.

"ಆರೂ ಕಲ್ಲ್ ಇರ್ಕಿತ್ತ್" ಎಂದರು.

ಆದರೂ ಕಲ್ಲು ಇರಬೇಕಾಗಿತ್ತು. ನಲವತ್ತು ವರ್ಷ ಪಾಠ ಹೇಳಿದ ನಾನು ಪರಂಪರೆಯ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ಎಲ್ಲಿಯೂ ಓದಿಲ್ಲ. ತನ್ನವರನ್ನು ಹೊರಗಿಟ್ಟ ಕಲ್ಲಾದರೂ ಅದು ತನ್ನ ಊರಿನದು. ಅದು ಇದ್ದರೆ ತಾನೆ ಹೊರಗಿಟ್ಟುದಕ್ಕೆ ಸಾಕ್ಷಿ, ಒಳಗೆ ಬಂದುದಕ್ಕೂ ಸಾಕ್ಷಿ. ಇಂದು ಹಲರ ಸಾಲಿನಲ್ಲಿ ಆಕೆಯೂ ಇದ್ದಾರೆ. ಉಳಿದಿರುವ ಕಲ್ಲುಗಳನ್ನು ಕಾಯುವ ಹೊಣೆ ಇನ್ನು ಆ ಹಲರದು. ನಾಳೆ ಯಾರಾದರೂ ಬಂದು ನಿಮ್ಮೂರಿನ ಕಲ್ಲಿನ ವಿಚಾರ ಕೇಳಿದರೆ, ನಮ್ಮ ಕುಂದಾಪುರದ ಅರ್ಥದಲ್ಲಿಯೇ "ಇತ್ತ್" ಎಂದು ಹೇಳುವಂತಾಗಲಿ.

(ಆಕಾಶವಾಣಿ ಭಾಷಣ)